ಒಂದು ವರ್ಷ ಆಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ತೂಕ ಇಳಿಸೋದಕ್ಕೆ ಅಂತ ಹೊಟ್ಟೆಯ ಆಪರೇಷನ್ ಆಗಿ ಈ ವಾರಕ್ಕೆ ಒಂದು ವರ್ಷ. ತೂಕ ಎಷ್ಟು ಇಳಿಯಿತು, ಸಕ್ಕರೆ ಎಷ್ಟಕ್ಕೆ ಬಂತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯೋದಿಲ್ಲ.

ಮನೆಯವರಿಗೆ, ಮಕ್ಕಳಿಗೆ, ಶಾಲೆಯಲ್ಲಿ ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡವರಿಗೆ, ಬೆಂಗಳೂರಿನ ಡಾಕ್ಟರ್‌ಗೆ, ನರ್ಸ್‌ಗಳಿಗೆ, ಡಯಟೀಷಿಯನ್‌ಗೆ ತುಂಬಾ ತುಂಬಾ ಥ್ಯಾಂಕ್ಸ್. ಇನ್ಶೂರೆನ್ಸ್ ಕೆಲಸ ಪೂರ್ತಿ ತಮ್ಮನದು. ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕದ ಲೆಕ್ಕ) 40 ಇರಬೇಕು, ಇಲ್ಲಾಂದ್ರೆ 35 ಇದ್ದು ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇರಬೇಕು ಅನ್ನೋ ನಿಯಮ ಓದಿ, ನನ್ನ ಹಳೇ ರಿಪೋರ್ಟ್‌ಗಳನ್ನೆಲ್ಲ ಹುಡುಕಿ ಜೋಡಿಸಿದ್ದು ಅವನೇ.

ಇನ್ನು ಅಕ್ಕನ ವಿಷಯ. ನನ್ನ ಗಂಡನ ಅಣ್ಣನ ಹೆಂಡತಿ. ಓರಗಿತ್ತಿಯರ ನಡುವೆ ಏನೇನೋ ಇರುತ್ತೆ ಅಂತ ಜನ ಹೇಳ್ತಾರೆ. ನಮ್ಮಿಬ್ಬರ ನಡುವೆ ಇದ್ದದ್ದು ನಾನು ಹೇಳ್ತೀನಿ ಕೇಳಿ.

ಆಪರೇಷನ್ ಮಾಡಿಸೋದು ಅಂತ ಗಟ್ಟಿಯಾದ ಮೇಲೆ ನಿಜವಾದ ಕಷ್ಟ ಶುರುವಾಗಿದ್ದು ಯಾವ ಆಪರೇಷನ್ ಅನ್ನೋದರಲ್ಲಿ. ಗೊತ್ತಿದ್ದವರೆಲ್ಲ ಸ್ಲೀವ್, ಅಂದರೆ ಹೊಟ್ಟೆ ಕತ್ತರಿಸಿ ಸಣ್ಣದು ಮಾಡೋ ಆಪರೇಷನ್, ಮಾಡಿಸಿಕೊಂಡಿದ್ದರು. ಅವರಿಗೆ ಒಳ್ಳೇದಾಗಿತ್ತು ಕೂಡ. ಅದಕ್ಕೆ "ಸ್ಲೀವೇ ಮಾಡಿಸ್ಕೋ, ಕರುಳಿಗೆ ಕೈ ಹಾಕಿಸ್ಕೋಬೇಡ" ಅಂತ ಎಲ್ಲರದೂ ಒಂದೇ ಮಾತು. ಊಟ ಹೋಗೋ ದಾರಿಯನ್ನೇ ಕರುಳಿಗೆ ತಿರುಗಿಸೋ ಬೈಪಾಸ್ ಅಂದರೆ ಸಾಕು, ಹೆದರಿಸುತ್ತಿದ್ದರು. ಅಕ್ಕ ಮಾತ್ರ ಯಾವುದನ್ನೂ ಮಾಡಿಸು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಶಾಲೆ ಬಿಟ್ಟ ಮೇಲೆ ಮನೆಗೆ ಬಂದು, ಸಾಮಾನಿನ ಪಟ್ಟಿ ಬರೆಯೋ ನೋಟ್‌ಬುಕ್ಕನ್ನು ಹಿಂದಿನಿಂದ ತೆಗೆದು, "ನಿಂಗೆ ಏನೇನು ಭಯ ಇದೆ ಹೇಳು, ಬರ್ಕೋತೀನಿ" ಅಂದರು. ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು.

ಡಾಕ್ಟರ್ ಮುಂದೆ ಅದೇ ನೋಟ್‌ಬುಕ್ ತೆರೆದರು. ಡಾಕ್ಟರೂ ಬೇಸರಪಡದೆ ಹಾಳೆಯ ಹಿಂದೆ ಚಿತ್ರ ಬಿಡಿಸಿದರು. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯೇ ತೆಗೆದುಬಿಡುತ್ತಾರೆ. ಬಾಳೆಹಣ್ಣಿನ ಆಕಾರದ ಕೊಳವೆ ಉಳಿಯುತ್ತೆ. ಕರುಳನ್ನು ಮುಟ್ಟೋದಿಲ್ಲ, ಆದರೆ ತೆಗೆದದ್ದನ್ನು ಮತ್ತೆ ಸೇರಿಸೋಕಾಗಲ್ಲ. ಬೈಪಾಸ್‌ನಲ್ಲಿ ಮೇಲುಗಡೆ 30 ಎಂಎಲ್‌ನಷ್ಟು ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ತಂದು ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತೆ, ಊಟ ಮಾತ್ರ ಆ ಕಡೆ ಹೋಗಲ್ಲ. ಎರಡು ಜೋಡಣೆಯ ಬದಲು ಒಂದೇ ಇರುವ ಮಿನಿ ಬೈಪಾಸ್ ಬಗ್ಗೆಯೂ ಹೇಳಿದರು. ಅದರಲ್ಲಿ ಪಿತ್ತ ಮೇಲಕ್ಕೆ ಬರೋ ಸಾಧ್ಯತೆ ಇರುತ್ತಂತೆ. ಹೊಟ್ಟೆಯ ಮೇಲ್ಭಾಗಕ್ಕೆ ಬಿಗಿಯಾಗಿ ಬ್ಯಾಂಡ್ ಹಾಕೋದನ್ನು ಈಗ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ.

ಅಕ್ಕ ಎಲ್ಲಾ ಕೇಳಿಸಿಕೊಂಡು ಕೇಳಿದ್ದು ಒಂದೇ. "ಇವಳು ಎಷ್ಟೋ ವರ್ಷದಿಂದ ದಿಂಬು ಏರಿಸ್ಕೊಂಡು ಮಲಗ್ತಾಳೆ ಸರ್, ಎದೆ ಉರಿ. ಸ್ಲೀವ್ ಆದ್ಮೇಲೆ ಅದು ಏನಾಗುತ್ತೆ?"

ನಾನು ಆ ವಿಷಯ ಎತ್ತಿಯೇ ಇರಲಿಲ್ಲ. ಅದು ಕಾಯಿಲೆ ಅಂತಲೇ ನನಗೆ ಅನ್ನಿಸಿರಲಿಲ್ಲ. ಡಾಕ್ಟರ್ ಪೆನ್ ಕೆಳಗಿಟ್ಟು, ಮೊದಲು ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸೋ ಪರೀಕ್ಷೆ) ಮಾಡಿ ನೋಡೋಣ ಅಂದರು. ಆಮೇಲೆ ವಿವರಿಸಿದರು. 2018ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನದಲ್ಲಿ, ಐದು ವರ್ಷದ ನಂತರ ತೂಕ ಇಳಿದದ್ದರಲ್ಲಿ ಸ್ಲೀವ್, ಬೈಪಾಸ್ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಎದೆ ಉರಿ ಇದ್ದವರಲ್ಲಿ ಅದು ಹೆಚ್ಚಾಗಿದ್ದು ಸ್ಲೀವ್ ಆದವರಿಗೇ ಜಾಸ್ತಿ. ಬೈಪಾಸ್ ಆದವರಲ್ಲಿ ಬಹಳ ಜನಕ್ಕೆ ವಾಸಿಯೇ ಆಗಿತ್ತು. ಬೈಪಾಸ್‌ಗೂ ಅದರದ್ದೇ ಲೆಕ್ಕ ಇದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ತಗೋಬೇಕು. ಮಂಡಿನೋವಿಗೆ ನುಂಗುತ್ತಿದ್ದ ಮಾತ್ರೆ ಬಿಡಬೇಕು, ಜೋಡಣೆಯ ಹತ್ತಿರ ಹುಣ್ಣಾಗಬಹುದು. ಸಿಹಿ ತಿಂದರೆ ಬೆವರು, ಎದೆ ಡವಡವ ಬರಬಹುದು. ಅಕ್ಕ ಎಲ್ಲಾ ಬರೆದುಕೊಂಡರು. ಬಸ್ಸಿನಲ್ಲಿ ತುಮಕೂರಿಗೆ ವಾಪಸ್ ಬರುವಾಗ ನೋಟ್‌ಬುಕ್ ನನ್ನ ತೊಡೆ ಮೇಲಿಟ್ಟು, "ನಿನ್ನ ಮೈ ಕಣೇ. ನೀನೇ ಹೇಳು" ಅಂದರು. ಎಂಡೋಸ್ಕೋಪಿ ರಿಪೋರ್ಟ್ ಬಂದ ಮೇಲೆ ನಾನು ಬೈಪಾಸ್ ಅಂದೆ.

ಆಪರೇಷನ್ ಆದ ಮಾರನೇ ರಾತ್ರಿ ಮಾತ್ರ ಬಹಳ ಕೆಟ್ಟದ್ದು. ಹೊಟ್ಟೆಗೆ ತುಂಬಿಸಿದ್ದ ಗ್ಯಾಸಿನಿಂದ ಭುಜ ಕಿತ್ತುಬರುತ್ತಿತ್ತು. ಹೊಟ್ಟೆ ತೊಳೆಸುತ್ತಿತ್ತು. ಇವರು ಔಷಧಿ, ಬಿಲ್ಲು ಅಂತ ಹಗಲೆಲ್ಲ ಓಡಾಡಿ ಸುಸ್ತಾಗಿದ್ದರು, ಅವರನ್ನು ಮಲಗಲು ಕಳಿಸಿ ಅಕ್ಕ ಉಳಿದುಕೊಂಡರು. ನರ್ಸ್ ನಡೆಯಬೇಕು ಅಂದಿದ್ದಕ್ಕೆ, ಒಂದು ಕೈಯಲ್ಲಿ ಡ್ರಿಪ್ ಸ್ಟ್ಯಾಂಡ್, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಸಿದರು. ಅವರ ಮಂಡಿ ಎಷ್ಟು ಕೆಟ್ಟಿದೆ ಅಂತ ಮನೆಯವರಿಗೆಲ್ಲ ಗೊತ್ತು. ಪ್ರತಿ ಹೆಜ್ಜೆಗೂ ಅವರು ತುಟಿ ಕಚ್ಚುತ್ತಿದ್ದುದು ನನಗೆ ಕಾಣುತ್ತಿತ್ತು.

ನಡುವೆ ನಿಂತುಬಿಟ್ಟೆ. ಯಾಕಾದರೂ ಮಾಡಿಸಿಕೊಂಡೆ ಅಂತ ಅತ್ತುಬಿಟ್ಟೆ. ಅಮ್ಮ ನೆನಪಾದಳು. ಸಕ್ಕರೆ ಕಾಯಿಲೆಯಲ್ಲಿ ಅವಳ ಕಾಲು ತೆಗೆದರಲ್ಲ, ಆಮೇಲೆ ಅವಳು ಹೊದಿಕೆಯ ಮೇಲೆ ಆ ಜಾಗವನ್ನು ಸವರುತ್ತಾ ಕೂರುತ್ತಿದ್ದಳು. ನನಗೂ ಹಾಗೇ ಆಗುತ್ತೆ ಅನ್ನೋ ಭಯಕ್ಕೇ ನಾನು ಇಷ್ಟು ದೂರ ಬಂದದ್ದು. ಇದನ್ನು ಗಂಡನಿಗೂ ಹೇಳಿರಲಿಲ್ಲ. ಆವತ್ತು ಅಕ್ಕನಿಗೆ ಹೇಳಿದೆ. ಸಮಾಧಾನದ ಮಾತು ಯಾವುದೂ ಅವರು ಆಡಲಿಲ್ಲ. ಕಣ್ಣು ಒರೆಸಿ, "ಹೇಳು, ಇನ್ನೂ ಹೇಳು" ಅಂದರು. ಬೆಳಗಿನ ಜಾವದ ತನಕ ಕೂತು ಗುಟುಕು ಗುಟುಕಾಗಿ ನೀರು ಕೊಟ್ಟರು. ಬೆಳಿಗ್ಗೆ ಹೊತ್ತಿಗೆ ಹೊಟ್ಟೆ ತೊಳೆಸೋದು ನಿಂತಿತ್ತು.

ಯುಗಾದಿಗೆ ಎಲ್ಲರೂ ಒಬ್ಬಟ್ಟು ತಿನ್ನುವಾಗ ನಾನು ಸುಮ್ನೆ ಕೂರಬೇಕಲ್ಲ ಅಂತ ನನಗೆ ಬೇಸರವಿತ್ತು. ಅಕ್ಕ ಬೆಲ್ಲ ಹಾಕೋ ಮುಂಚೆಯೇ ಬೇಳೆ ಕಟ್ಟು ಬಸಿದು, ಜೀರಿಗೆ ಮೆಣಸು ಹಾಕಿ, ಬೆಂದ ಬೇಳೆ ಎರಡು ಚಮಚ ಬೆರೆಸಿ, ಪುಟ್ಟ ಬಟ್ಟಲಲ್ಲಿ ನನ್ನ ಎಲೆ ಪಕ್ಕ ಇಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ನಾನೂ ಹಬ್ಬದೂಟ ಮಾಡಿದೆ.

ಈಗ ದಿಂಬು ಒಂದೇ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ. ಯಾವ ಆಪರೇಷನ್ ಮಾಡಿಸಬೇಕು ಅಂತ ಕೆಲವರು ಫೋನ್ ಮಾಡಿ ಕೇಳ್ತೀರಿ. ನನಗೆ ಸರಿಹೋದದ್ದು ನಿಮಗೂ ಸರಿ ಅಂತ ನಾನು ಹೇಳಲಾರೆ. ಎದೆ ಉರಿ ಇದ್ದರೆ ಡಾಕ್ಟರ್‌ಗೆ ತಪ್ಪದೆ ಹೇಳಿ. ಪ್ರಶ್ನೆಗಳ ಪಟ್ಟಿ ಬೇಕಿದ್ದರೆ ಅಕ್ಕನ ನೋಟ್‌ಬುಕ್ಕಿನ ಫೋಟೋ ಕಳಿಸ್ತೀನಿ, ಅವರು ಒಪ್ಪಿದ್ದಾರೆ.

ಅಕ್ಕ, ಮುಂದಿನ ತಿಂಗಳು ನಿಮ್ಮ ಮಂಡಿ ಆಪರೇಷನ್. ಆಸ್ಪತ್ರೆಯಲ್ಲಿ ರಾತ್ರಿ ಉಳಿಯೋದಕ್ಕೆ ಬೇರೆ ಯಾರನ್ನೂ ಕೇಳಬೇಡಿ. ಶಾಲೆಗೆ ಆಗಲೇ ರಜಾ ಬರೆದುಕೊಟ್ಟಿದ್ದೇನೆ.