ಸ್ಲಿಮ್ ಸೇವಾಪಟ್ಟಿ ಪೂರ್ತಿಯಾಯಿತು: ಜೊತೆಗೂಡಿದವರಿಗೆಲ್ಲ ವಂದನೆ

ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದ ಪಡೆ ನಡೆಸಿದ ಬ್ರಿಟಿಷ್ ಸೇನಾನಿ, ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಅವರ ಸೇವಾವಿವರದ ಕನ್ನಡ ಪಟ್ಟಿ ಸಿದ್ಧವಾಗಿದೆ. 1914ರ ಆಗಸ್ಟಿನಲ್ಲಿ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟ್ ಆದಲ್ಲಿಂದ 1949ರ ಜನವರಿಯಲ್ಲಿ ಫೀಲ್ಡ್ ಮಾರ್ಷಲ್ ಆಗುವವರೆಗಿನದು.

ದೊಡ್ಡ ಋಣ ಕರಡು ತಿದ್ದಿದ ನಿವೃತ್ತ ಸೇನಾಧಿಕಾರಿಗಳದು. ರ‍್ಯಾಂಕಿಗೆ ಒಂದು ಕಾಲಂ, ಹುದ್ದೆಗೆ ಇನ್ನೊಂದು, ರ‍್ಯಾಂಕು ಹಂಗಾಮಿಯೋ ತಾತ್ಕಾಲಿಕವೋ ಖಾಯಮ್ಮೋ ಎಂಬುದಕ್ಕೆ ಮತ್ತೊಂದು ಇರಲೇಬೇಕೆಂದು ಅವರು ಪಟ್ಟು ಹಿಡಿದರು. ಯುದ್ಧಕಾಲದಲ್ಲಿ ಹುದ್ದೆ ಮೊದಲು ಸಿಗುತ್ತದೆ, ಖಾಯಂ ರ‍್ಯಾಂಕು ತಡವಾಗಿ ಬರುತ್ತದೆ. 1941ರ ಮೇನಲ್ಲಿ 10ನೇ ಭಾರತೀಯ ಡಿವಿಷನ್ ವಹಿಸಿಕೊಂಡಾಗ ಸ್ಲಿಮ್ ಹಂಗಾಮಿ ಮೇಜರ್ ಜನರಲ್ ಅಷ್ಟೇ. ಮೂರನೇ ಕಾಲಂ ಬಿಟ್ಟರೆ ಅದೇ ಬಡ್ತಿ ಎರಡೆರಡು ಸಲ ಬಂದಂತೆ ಕಾಣುತ್ತದೆ.

ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್ ಓದಿಕೊಟ್ಟವರಿಗೂ ನಮಸ್ಕಾರ. ಅಲ್ಲಿ ಸಂಚಿಕೆಯ ತಾರೀಖು ಬೇರೆ, ಬಡ್ತಿ ಜಾರಿಯಾದ ತಾರೀಖು ಬೇರೆ. ಪಟ್ಟಿಗೆ ಬೇಕಾದದ್ದು ಎರಡನೆಯದು. 1916ರ ನಮೂದಿನಲ್ಲಿರುವ ವೆಸ್ಟ್ ಇಂಡಿಯಾ ರೆಜಿಮೆಂಟನ್ನು ಪಶ್ಚಿಮ ಭಾರತದ್ದೆಂದು ತಿಳಿಯುವುದು ಬಲು ಸುಲಭ. ಅದು ಕೆರಿಬಿಯನ್ ದ್ವೀಪಗಳ ಪಡೆ. ಸ್ಲಿಮ್‌ಗೆ ಖಾಯಂ ಕಮಿಷನ್ ಸಿಕ್ಕಿದ್ದು ಅದರಲ್ಲಿ, ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್) ಹೋರಾಡಿದ್ದು ಮಾತ್ರ ತಮ್ಮ ಹಳೆಯ ವಾರ್ವಿಕ್‌ಷೈರ್ ರೆಜಿಮೆಂಟಿನೊಂದಿಗೆ. ಭಾರತೀಯ ಸೇನೆಗೆ ವರ್ಗವಾದದ್ದು 1919ರಲ್ಲಿ, ಗೂರ್ಖಾ ರೈಫಲ್ಸ್ ಸೇರಿದ್ದು ಅದಾದ ಮೇಲೆ.

ಬೆಳಗಾವಿಯ ಗೆಳೆಯರನ್ನು ಮರೆಯುವಂತಿಲ್ಲ. 1939ರಲ್ಲಿ ಸ್ಲಿಮ್ ಅಲ್ಲಿನ ಸೀನಿಯರ್ ಆಫೀಸರ್ಸ್ ಸ್ಕೂಲಿನ ಮುಖ್ಯಸ್ಥರಾದರು. ಬೆಟಾಲಿಯನ್ ನಡೆಸಬೇಕಾದ ಅಧಿಕಾರಿಗಳಿಗೆ ತರಬೇತಿ ಕೊಡುತ್ತಿದ್ದ ಶಾಲೆ ಅದು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಸಂಸ್ಥಾನದ ಕಡತಗಳಲ್ಲಿ ಹುಡುಕಿ ಪ್ರಯೋಜನವಿಲ್ಲ ಎಂದು ಮೊದಲೇ ಎಚ್ಚರಿಸಿದವರು ಇವರು.

ಬರ್ಮಾ ಭಾಗದ ಗೋಜಲು ಅಂಕಿಗಳದ್ದು. ಸ್ಲಿಮ್ ವಹಿಸಿಕೊಂಡದ್ದು 1942ರ ಮಾರ್ಚಿನಲ್ಲಿ ಬರ್ಮಾ ಕೋರ್ (ಕೆಲವು ಡಿವಿಷನ್‌ಗಳು ಸೇರಿದ ದಳ), ಸುಮಾರು 900 ಮೈಲಿ ಹಿಮ್ಮೆಟ್ಟಿದ ಬಳಿಕ 15ನೇ ಕೋರ್, 1943ರ ಅಕ್ಟೋಬರಿನಿಂದ ಅದಕ್ಕೂ ಮೇಲಿನ ಮಟ್ಟದ 14ನೇ ಆರ್ಮಿ. ಇಂಫಾಲದಲ್ಲಿ ಎದುರಾದ ಜಪಾನಿ ಪಡೆಯ ಹೆಸರು 15ನೇ ಆರ್ಮಿ! ಬರಿ '15' ಎಂದು ಬರೆದರೆ ಶತ್ರುವೇ ನಮ್ಮವನಾಗುತ್ತಾನೆ. ಪ್ರತಿ ಅಂಕಿಯ ಮುಂದೆ ದಳದ ಮಟ್ಟವನ್ನೂ ದೇಶವನ್ನೂ ಸೇರಿಸಿದ ನಕ್ಷೆಗಾರರಿಗೆ ಕೈಮುಗಿಯುತ್ತೇವೆ.

1948ರಲ್ಲಿ ನಿವೃತ್ತಿ, ರೈಲ್ವೆ ಕೆಲಸ, ಅದೇ ನವೆಂಬರಿನಲ್ಲಿ ಸೇನೆಯ ಅತ್ಯುನ್ನತ ಹುದ್ದೆಗೆ ವಾಪಸು ಕರೆ: ಈ ಸಾಲುಗಳು ಅಚ್ಚಿನ ತಪ್ಪಲ್ಲ, ಹಾಗೇ ಇರಲಿ. ಬೇರೆಲ್ಲಾದರೂ ತಪ್ಪು ಕಂಡರೆ ಗೆಜೆಟ್ಟಿನ ತಾರೀಖು, ಪುಟಸಂಖ್ಯೆ ಸಮೇತ ತಿಳಿಸಿ.