ರಟ್ಟು, ದಾರ, ಕ್ಯಾಲಿಕೋ

ಸಾಗರ, ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕೆಲಸ ಮಾಡುವ ಬೈಂಡಿಂಗ್ ಅಂಗಡಿಗೆ ನಿನ್ನ ಕಾಲೇಜಿನ ಜೂನಿಯರ್‌ಗಳು ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸಲು ಬಂದರೆ ನೀನು ಜೆರಾಕ್ಸ್ ಮೆಷೀನಿನ ಹಿಂದೆ ಸರಿದು ನಿಲ್ಲುತ್ತೀಯಂತೆ. ನಿನ್ನಪ್ಪ ಫೋನಿನಲ್ಲಿ ಹೇಳಿದ. ಬಿ.ಎಸ್‌ಸಿ. ಫಿಸಿಕ್ಸ್ ಮುಗಿಸಿ ರಟ್ಟಿಗೆ ಅಂಟು ಹಚ್ಚುವುದು ನಾಚಿಕೆಯೇ? ಮೂವತ್ತು ವರ್ಷ ಕಾಲೇಜು ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು ನಾನು. ಈ ವಿಷಯದಲ್ಲಿ ನಾಲ್ಕು ಮಾತಾಡಬಹುದು ಅಂದುಕೊಂಡಿದ್ದೇನೆ.

ಮೈಕೆಲ್ ಫ್ಯಾರಡೆಯ ಕಥೆಯನ್ನು 'ಕಮ್ಮಾರನ ಮಗ ವಿಜ್ಞಾನಿಯಾದ' ಎಂದು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ನಡುವೆ ಏಳು ವರ್ಷ ಇವೆ. 1805ರಲ್ಲಿ, ಹದಿನಾಲ್ಕರ ಹುಡುಗ, ಲಂಡನ್ನಿನ ರೀಬೋ ಎಂಬವರ ಅಂಗಡಿಗೆ ಬೈಂಡಿಂಗ್ ಕಲಿಯಲು ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದಿದ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನ ಸಿಕ್ಕಿದ್ದು ಹಾಗೆ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಟಿಪ್ಪಣಿಗಳನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಇದ್ದ ಕಸುಬು ಬಿಡಬೇಡ ಅಂತ ಮೊದಲು ಡೇವಿಯೇ ಬುದ್ಧಿ ಹೇಳಿದ್ದು! ಮರುವರ್ಷ ಡೇವಿಯಿದ್ದ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಿಕ್ಕಿದ ಕೆಲಸವೂ ಲ್ಯಾಬ್ ಸಹಾಯಕನದು, ಹೆಚ್ಚುಕಡಿಮೆ ನನ್ನಂಥದ್ದೇ.

ನನಗೆ ಇಷ್ಟವಾದ ಭಾಗ 1831ರದ್ದು. ಕಬ್ಬಿಣದ ಬಳೆಯ ಎರಡು ಕಡೆ ತಾಮ್ರದ ತಂತಿ ಸುತ್ತಬೇಕಿತ್ತು. ಸುತ್ತು ಸುತ್ತಿಗೆ ತಾಗಬಾರದು. ಅದಕ್ಕೆ ನಡುನಡುವೆ ದಾರ ಇಟ್ಟ, ಪದರಗಳ ಮಧ್ಯೆ ಕ್ಯಾಲಿಕೋ ಬಟ್ಟೆ ಇಟ್ಟ. ಕ್ಯಾಲಿಕೋ ಕಣೇ, ನೀನು ಪುಸ್ತಕದ ಬೆನ್ನಿಗೆ ಅಂಟಿಸುತ್ತೀಯಲ್ಲ, ಅದೇ! (ಹೆಸರು ಬಂದದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ.) ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದಾಗ ಇನ್ನೊಂದರ ಕಡೆ ಇಟ್ಟ ಅಯಸ್ಕಾಂತದ ಸೂಜಿ ಅಲುಗಿತು (ಅಂದರೆ ಅದರಲ್ಲೂ ಕರೆಂಟು ಹರಿಯಿತು), ಬಿಡಿಸಿದಾಗ ಮತ್ತೆ ಅಲುಗಿತು. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಅದರ ಮೊಮ್ಮಗು. ಅದರಲ್ಲಿ ಬೈಂಡರನ ಬೆರಳಿತ್ತು ಅನ್ನುವುದು ನನ್ನ ಊಹೆ, ಪುಸ್ತಕದ ಮಾತಲ್ಲ. ಆದರೆ ಸೂತ್ರವೆಲ್ಲ ಬಾಯಿಪಾಠ ಇದ್ದೂ ಹತ್ತು ಸುತ್ತು ಬಿಗಿಯಾಗಿ ಸುತ್ತಲಾರದ ಹುಡುಗರನ್ನು ಎಷ್ಟು ನೋಡಿಲ್ಲ ನಾನು!

ವಿಜ್ಞಾನಿ ಸಿ.ವಿ. ರಾಮನ್ ಅವರೂ 1907ರಿಂದ ಹತ್ತು ವರ್ಷ ಸರ್ಕಾರದ ಲೆಕ್ಕಪತ್ರ ನೋಡಿದವರು. ಕಲ್ಕತ್ತಾದಲ್ಲಿದ್ದಾಗ ಆಫೀಸಿಗೆ ಮೊದಲೂ ಆಮೇಲೂ ಬೌಬಜಾರಿನ ಪ್ರಯೋಗಾಲಯ. ಅವರ ಜೊತೆ ನಿನ್ನನ್ನು ತೂಗಬೇಡ. ಅವರಿಗೆ ಅಧಿಕಾರಿಯ ಸಂಬಳವಿತ್ತು. ನೀನು ರಾತ್ರಿ ಎಂಟಕ್ಕೆ ಶಟರ್ ಎಳೆದು ಬಸ್ಸು ಕಾಯುವವಳು. ದಿನಾ ಓದಲಿಲ್ಲವೆಂದು ಅಳುವ ಬದಲು ಬೆಳಗಿನ ಒಂದೂವರೆ ಗಂಟೆ, ಭಾನುವಾರ ಪೂರ್ತಿ, ಇಷ್ಟನ್ನು ಯಾರಿಗೂ ಬಿಟ್ಟುಕೊಡಬೇಡ. ಮದುವೆ ಮುಂಜಿಗೂ ಬರಬೇಡ, ನಿನ್ನಪ್ಪನಿಗೆ ನಾನು ಹೇಳುತ್ತೇನೆ. ಎಂ.ಎಸ್‌ಸಿ. ಸೇರಲು ಬರೆಯುವ ಐಐಟಿಗಳ ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ. ಗಣಿತ ಬಿಡಬೇಡ, ಫ್ಯಾರಡೆಗೆ ಅದು ಕೈಹಿಡಿಯಲಿಲ್ಲ, ಆ ಕೊರತೆಯನ್ನು ನೀನು ಅನುಕರಿಸಬೇಕಿಲ್ಲ.

ರೀಬೋ ಹುಡುಗನಿಗೆ ಓದಲು ಬಿಟ್ಟ. ನಿನ್ನ ಯಜಮಾನರು ಪುಸ್ತಕ ಕಂಡರೆ ಸಿಡುಕುವವರಾದರೆ ಬೇರೆ ಅಂಗಡಿ ನೋಡು, ಅದರಲ್ಲಿ ಮುಲಾಜು ಬೇಡ. ಆ ಜೂನಿಯರ್‌ಗಳು ಬಂದರೆ ಮುಂದೆ ಬಂದು ನಿಲ್ಲು, ಪ್ರಾಜೆಕ್ಟ್ ಯಾವುದರ ಮೇಲೆ ಅಂತ ಕೇಳು.

ನನ್ನ ಲ್ಯಾಬಿನ ಹಳೆಯ ನೋಟ್‌ಬುಕ್ಕುಗಳು ಹನ್ನೊಂದು ಇವೆ, ಬೆನ್ನು ಕಿತ್ತುಹೋಗಿವೆ. ಯುಗಾದಿಗೆ ಬಂದಾಗ ಹೊಲಿದು ಕೊಡು. ದಬ್ಬಳ ನೀನೇ ತಾ. ಸ್ಪೈರಲ್ ಮಾತ್ರ ಹಾಕಬೇಡ.

ಇಂತಿ,
ನಿನ್ನ ದೊಡ್ಡಪ್ಪ