ಸಾಗರ ಪೇಟೆಯ ರಿಪೇರಿ ಅಂಗಡಿಯ ಅಣ್ಣನಿಗೆ

ಗಾಳಿಮಳೆಗೆ ತೋಟದ ದಾರಿಗೆ ಮರ ಅಡ್ಡ ಬಿದ್ದಿತ್ತು. ಚೈನ್‌ಸಾ ಸರಪಳಿ ಎಷ್ಟು ಉಜ್ಜಿದರೂ ನಾಲ್ಕು ತುಂಡಿಗೇ ಮೊಂಡಾಗುತ್ತಿತ್ತು. ನೀವು ಅದನ್ನು ಅಂಗೈ ಮೇಲೆ ಹಾಸಿ, ಸಾಲಾಗಿ ಮೂರು ರಿವೆಟ್‌ಗಳ ಅಂತರ ಅಳೆದು ಅರ್ಧ ಮಾಡಿದಿರಿ: 0.325 ಇಂಚು. ಅದಕ್ಕೆ 4.8 ಮಿ.ಮೀ. ದುಂಡು ಅರ ಬೇಕು, ನನ್ನದು 4. ಸಣ್ಣ ಅರ ಹಲ್ಲಿನ ಹೊಟ್ಟೆ ಕೊರೆದು ಅಂಚನ್ನು ತೀರಾ ತೆಳುವಾಗಿಸುತ್ತದೆ, ಮೊನೆ ಬೇಗ ಹೋಗುತ್ತದೆ. ಅರದ ಐದನೇ ಒಂದು ಭಾಗ ಹಲ್ಲಿನ ಮೇಲೆ ಕಾಣಬೇಕು ಎಂದು ಉಗುರಿಟ್ಟು ತೋರಿಸಿದಿರಿ. 30 ಡಿಗ್ರಿ ಓರೆ, ಒಳಗಿಂದ ಹೊರಕ್ಕೆ, ಪ್ರತಿ ಹಲ್ಲಿಗೂ ಲೆಕ್ಕದ ಮೂರೇ ಉಜ್ಜು, ಹಿಂದೆ ತರುವಾಗ ಅರ ಎತ್ತಿ. ಎರಡು ಹಲ್ಲು ನೀವೇ ಮಾಡಿ, ಮೂರನೆಯದಕ್ಕೆ ಅರವನ್ನು ನನ್ನ ಕೈಗಿಟ್ಟಿರಿ. ಸಂಜೆ ಹುಡಿಯ ಬದಲು ದಪ್ಪ ಚಕ್ಕೆ ಉದುರಿತು, ದಾರಿ ತೆರೆಯಿತು. ಹೆಸರು ಕೇಳಲಿಲ್ಲ. ಧನ್ಯವಾದ ಅಣ್ಣ.